ಹಳ್ಳಿಯ ನೆಲದಲ್ಲಿ ಪಟ್ಟಣದ ಗೂಟ

ಬೆಂಗಳೂರು ನಗರವು ತನಗಿರುವ ಸ್ಥಳ ಸಾಲದೆ ನೆರೆಹೊರೆಯ ಹಳ್ಳಿಗಳ ಹೊಲಗದ್ದೆಗಳ ಮೇಲೆ ಕಾಲು ಚಾಚುತ್ತಿರುವುದು ಹೊಸ ಸಂಗತಿಯೇನೂ ಅಲ್ಲ. ಆದರೆ 2025ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಬಿಡದಿಯ ಸಮೀಪದ ಭೈರಮಂಗಲ, ಕಂಚುಗಾರನಹಳ್ಳಿ ಮೊದಲಾದ ಒಂಬತ್ತು ಗ್ರಾಮಗಳ ಭೂಮಿಯನ್ನು ಉಪನಗರಕ್ಕಾಗಿ ಸ್ವಾಧೀನಪಡಿಸಿಕೊಳ್ಳುವುದಾಗಿ ಹೊರಟ ಪ್ರಾರಂಭಿಕ ಅಧಿಸೂಚನೆಯನ್ನು ಓದಿದವರು, ಈ ಸಲ ಚಾಚಿರುವುದು ಬರಿಯ ಕಾಲಲ್ಲ, ಮೈಯೆಲ್ಲವೂ ಹೌದೆಂದು ಒಪ್ಪದೆ ಇರಲಾರರು. ಏಳು ಸಾವಿರ ಎಕರೆಗೆ ಮೇಲ್ಪಟ್ಟ ನೆಲ. ರಾಗಿ, ಹಿಪ್ಪುನೇರಳೆ, ತೆಂಗು ಬೆಳೆದು, ಹಸು ಕಟ್ಟಿ ಹಾಲು ಕರೆದು ಬದುಕುವ ಸಾವಿರಾರು ಸಂಸಾರಗಳು. ಅಲ್ಲಿನ ರೈತರು ಆ ವರ್ಷವೇ ಭೈರಮಂಗಲದಲ್ಲಿ ಧರಣಿ ಕುಳಿತರು. ಅವರ ಕೂಗನ್ನು ಮಂಡ್ಯದ ಸೀಮೆಯವರು, ವಿಶೇಷವಾಗಿ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯ ಕಡೆಯ ರೈತ ಬಂಧುಗಳು, ದೂರದ ಊರಿನ ಸುದ್ದಿಯೆಂದು ಓದಿ ಮಡಿಸಿಡಬಾರದೆಂಬುದೇ ನಾವು ಇಂದು ಈ ವಿಷಯವನ್ನು ಕೈಗೆತ್ತಿಕೊಂಡಿರುವುದಕ್ಕೆ ಕಾರಣ.

ದೂರದ ಸುದ್ದಿಯಲ್ಲವೆಂಬುದಕ್ಕೆ ಇತಿಹಾಸವೇ ಸಾಕ್ಷಿ. ಬಿಡದಿಯ ಉಪನಗರವು ನಿನ್ನೆ ಮೊನ್ನೆ ಹುಟ್ಟಿದ ಯೋಚನೆಯಲ್ಲ. 2006ರಲ್ಲಿ ಶ್ರೀ ಎಚ್. ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ ಬೆಂಗಳೂರಿನ ಸುತ್ತ ಐದು ಉಪನಗರಗಳನ್ನು ಕಟ್ಟಬೇಕೆಂದು ಗೊತ್ತುಮಾಡಲಾಯಿತು. ಬಿಡದಿ, ರಾಮನಗರ, ಸೋಲೂರು, ನಂದಗುಡಿ ಇವುಗಳೊಡನೆ ಐದನೆಯದಾಗಿ ಎಣಿಸಿದ್ದ ಹೆಸರು ಸಾತನೂರು. ಕನಕಪುರದಿಂದ ಮಳವಳ್ಳಿಗೆ ಬರುವ ಹೆದ್ದಾರಿಯಲ್ಲಿರುವ ಆ ಸಾತನೂರನ್ನು ಮಳವಳ್ಳಿಯ ಸಂತೆಗೆ ಹೋಗಿಬರುವ ಯಾರು ತಾನೆ ಅರಿಯರು? ಆ ಯೋಜನೆ ಅಂದು ನಿಂತುಹೋಯಿತು. ನಿಂತದ್ದು ಸತ್ತುಹೋಯಿತೆಂದು ಬಿಡದಿಯವರು ಹದಿನೆಂಟು ವರ್ಷ ನಂಬಿದ್ದರು. ಅಂದು ಯೋಜನೆಯನ್ನು ತಂದ ಪಕ್ಷದವರು 2025ರಲ್ಲಿ ರೈತರ ಪರವಾಗಿ ನಿಂತು ಅದನ್ನು ವಿರೋಧಿಸಿದರು. ಅಧಿಕಾರದಲ್ಲಿದ್ದವರು, ಇದು ನಿಮ್ಮದೇ ಕೂಸಲ್ಲವೆ ಎಂದು ಅವರತ್ತ ಬೆರಳು ತೋರಿದರು. ಕೂಸು ಯಾರದಾದರೂ ಆಗಲಿ, ತೊಟ್ಟಿಲು ಕಟ್ಟುವುದು ಮಾತ್ರ ರೈತನ ಹೊಲದಲ್ಲಿಯೇ ಎಂಬ ಒಂದು ವಿಷಯದಲ್ಲಿ ಎಲ್ಲ ಪಕ್ಷದವರಿಗೂ ತಮ್ಮ ತಮ್ಮ ಕಾಲದಲ್ಲಿ ಏಕಾಭಿಪ್ರಾಯವಿದ್ದುದನ್ನು ಕಂಡು ನಮಗೆ ನಗಬೇಕೋ ಅಳಬೇಕೋ ತಿಳಿಯದು.

ಇನ್ನು ಮಳವಳ್ಳಿ ತಾಲ್ಲೂಕಿಗೂ ಬೆಂಗಳೂರಿಗೂ ಇರುವ ಸಂಬಂಧವನ್ನು ಸ್ವಲ್ಪ ನೋಡೋಣ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ ತೊಂಬತ್ತಕ್ಕೂ ಹೆಚ್ಚು ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳು ಆ ಬೆಳಕನ್ನು ಕಂಡವು. ಆ ತಂತಿಗಳ ಕೆಳಗಿನ ಹಳ್ಳಿಗಳವರು ಎಷ್ಟೋ ಕಾಲ ಸೀಮೆ ಎಣ್ಣೆಯ ಬುಡ್ಡಿಯಲ್ಲಿಯೇ ರಾತ್ರಿಗಳನ್ನು ಕಳೆದರು. 1974ರಿಂದ ಕಾವೇರಿಯ ನೀರು ಬೆಂಗಳೂರಿಗೆ ಏರಿತು. ಆ ನೀರನ್ನು ಶುದ್ಧಿಮಾಡಿ ಮೇಲಕ್ಕೆತ್ತುವ ತೊರೆಕಾಡನಹಳ್ಳಿ ಇದೇ ಮಳವಳ್ಳಿ ತಾಲ್ಲೂಕಿನದು. 2024ರ ಅಕ್ಟೋಬರ್ ತಿಂಗಳಲ್ಲಿ ಅಲ್ಲಿಯೇ ಐದನೆಯ ಹಂತದ ಉದ್ಘಾಟನೆ ನಡೆದು, ದಿನವೊಂದಕ್ಕೆ ಇನ್ನೂ 77 ಕೋಟಿ 50 ಲಕ್ಷ ಲೀಟರು ನೀರನ್ನು ನಗರಕ್ಕೆ ಒಯ್ಯುವ ವ್ಯವಸ್ಥೆಯಾಯಿತು. ಬೆಳಕನ್ನು ಕೊಟ್ಟದ್ದಾಯಿತು, ನೀರನ್ನು ಕೊಟ್ಟದ್ದಾಯಿತು. ಬಾಯಾರಿದವರಿಗೆ ನೀರು ಕೊಡುವುದಿಲ್ಲವೆಂದು ಹೇಳುವ ಜನ ನಮ್ಮ ಸೀಮೆಯವರಲ್ಲ. ಉಳಿದಿರುವುದು ಮಣ್ಣು. ಅದನ್ನೂ ಕೊಡಬೇಕೆಂದು ಕೇಳುವವರು ಬರುವುದಕ್ಕೆ ಮುಂಚೆಯೇ ಏನು ಉತ್ತರ ಕೊಡಬೇಕೆಂಬುದನ್ನು ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.

ಬರುವವರು ಎಲ್ಲ ಸಲವೂ ಸರ್ಕಾರದ ಮೊಹರು ಹಿಡಿದೇ ಬರುವುದಿಲ್ಲ. 2023ರ ಮಾರ್ಚಿ ತಿಂಗಳಲ್ಲಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನ ಮಂತ್ರಿಗಳಿಂದ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯ ಎರಡು ಪಕ್ಕಗಳಲ್ಲಿಯೂ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಮೊದಲು ಒಂದು ಮೋಟಾರು ಗಾಡಿ ಬರುತ್ತದೆ. ಅದರಿಂದ ಇಳಿದವರು ಊರಿನ ಒಬ್ಬ ಮಧ್ಯಸ್ಥನನ್ನು ಹಿಡಿಯುತ್ತಾರೆ. ಸಾಲದಲ್ಲಿ ಮುಳುಗಿದವನು, ಮಗಳ ಮದುವೆ ಮಾಡಬೇಕಾದವನು, ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಸಿಕ್ಕಿದವನು, ಇಂಥವರ ಜಮೀನು ಮೊದಲು ಹೋಗುತ್ತದೆ. ಆಮೇಲೆ ಬಿಳಿಯ ಬಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಲ್ಲುತ್ತವೆ. ಒಂದು ಕಮಾನು ಏಳುತ್ತದೆ. ಕಮಾನಿನ ಮೇಲೆ ಊರಿನವರು ಎಂದೂ ಕೇಳದ ಹೆಸರು. ಮನೆಗಳು ಏಳುತ್ತವೆಯೋ ಎಂದರೆ ಅದೂ ಇಲ್ಲ. ಕಲ್ಲುಗಳ ನಡುವೆ ಪಾರ್ಥೇನಿಯಂ ಕಳೆ ಆಳೆತ್ತರ ಬೆಳೆಯುತ್ತದೆ. ಕೊಂಡವನಿಗೆ ಮನೆ ಬೇಕಾಗಿಲ್ಲ, ಬೆಲೆ ಏರುವುದು ಬೇಕು.

ರೈತನು ಏಕೆ ಮಾರುತ್ತಾನೆಂದು ಕೇಳುವವರು ಲೆಕ್ಕ ಮಾಡಿ ನೋಡಲಿ. ಒಂದು ಎಕರೆಗೆ 43,560 ಚದರ ಅಡಿ. ರಸ್ತೆ, ಚರಂಡಿ, ಉದ್ಯಾನ ಇವುಗಳಿಗೆಂದು ಅರ್ಧವನ್ನೇ ಬಿಟ್ಟರೂ ಮೂವತ್ತು ನಲವತ್ತು ಅಡಿಯ ಹದಿನೆಂಟು ನಿವೇಶನಗಳು ಏಳುತ್ತವೆ. ಅದೇ ಎಕರೆಯಲ್ಲಿ ಇಪ್ಪತ್ತು ಕ್ವಿಂಟಾಲು ಭತ್ತ ಬೆಳೆದರೆ, 2025–26ನೆಯ ಸಾಲಿಗೆ ಕೇಂದ್ರ ಸರ್ಕಾರದವರು ಸಾಮಾನ್ಯ ಭತ್ತಕ್ಕೆ ಗೊತ್ತುಮಾಡಿದ 2,369 ರೂಪಾಯಿಯ ದರದಲ್ಲಿ ಕೈಗೆ ಬರುವುದು 47,380 ರೂಪಾಯಿ. ಗೊಬ್ಬರ, ನಾಟಿ, ಕೂಲಿ, ಕೊಯ್ಲು ಎಲ್ಲವೂ ಅದರೊಳಗೇ ಹೋಗಬೇಕು. ಹೀಗಿರಲು, ಮಾರಿದವನನ್ನು ಊರುದ್ರೋಹಿಯೆಂದು ಬೈಯುವುದಕ್ಕೆ ನಮ್ಮ ಲೇಖನಿ ಮುಂದಾಗದು. ಭೈರಮಂಗಲದ ಹಳ್ಳಿಗಳಲ್ಲಿಯೂ ಸರ್ಕಾರದ ಹಣವನ್ನು ಪಡೆದು ಬಿಡುತ್ತೇವೆನ್ನುವ ರೈತರು ಇಲ್ಲದಿಲ್ಲ. ಅವರೂ ರೈತರೇ. ಬೆಂಗಳೂರಿನ ಕೊಳಚೆಯನ್ನೆಲ್ಲ ಹೊತ್ತುಬರುವ ವೃಷಭಾವತಿಯ ನೀರು ತುಂಬಿದ ಭೈರಮಂಗಲದ ಕೆರೆಯ ದಡದಲ್ಲಿ ಬದುಕಿ ಬೇಸತ್ತವನು ಈ ನೆಲ ಹೋದರೆ ಹೋಗಲಿ ಎಂದರೆ ಆಶ್ಚರ್ಯವೇನು? ಮೊದಲು ನೀರನ್ನು ಕೆಡಿಸಿ, ಕೆಟ್ಟ ನೀರಿನಿಂದ ಬೇಸಾಯವನ್ನು ಕೆಡಿಸಿ, ಬೇಸಾಯ ಕೆಟ್ಟಿದೆಯಾದುದರಿಂದ ಭೂಮಿಯನ್ನು ಕೊಡಿರೆಂದು ಕೇಳುವ ಈ ನ್ಯಾಯವನ್ನು ಯಾವ ಸ್ಮೃತಿಯಲ್ಲಿಯೂ ನಾವು ಓದಿಲ್ಲ.

ಆದರೆ ಒಬ್ಬನು ಮಾರಿದುದರ ಫಲವು ಅವನೊಬ್ಬನಿಗೇ ನಿಲ್ಲುವುದಿಲ್ಲವೆಂಬುದು ಪಟ್ಟಣದ ಮೇಧಾವಿಗಳಿಗೆ ತಿಳಿಯದ ವಿಷಯ. ಅಚ್ಚುಕಟ್ಟೆಂಬುದು ಬಿಡಿ ಬಿಡಿ ಗದ್ದೆಗಳ ಗುಂಪಲ್ಲ. ನೀರು ತೂಬಿನಿಂದ ಹೊರಟು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಇಳಿಯುತ್ತದೆ. ಹೆಚ್ಚಾದುದು ಬಸಿಗಾಲುವೆಯಿಂದ ಹಳ್ಳ ಸೇರುತ್ತದೆ. ಮಧ್ಯದಲ್ಲಿ ಹತ್ತು ಎಕರೆಯನ್ನು ಮಣ್ಣು ಹಾಕಿ ಎತ್ತರಿಸಿ ನಿವೇಶನ ಮಾಡಿದರೆಂದರೆ, ಹೊಲಗಾಲುವೆಯ ಮೇಲೆ ರಸ್ತೆ ಬೀಳುತ್ತದೆ. ಕೆಳಗಿನವನಿಗೆ ನೀರು ನಿಂತಿತು. ಮೇಲಿನವನಿಗೆ ಬಸಿಯುವ ದಾರಿ ಮುಚ್ಚಿ ಗದ್ದೆ ಜೌಗಾಯಿತು. ಮರುವರ್ಷ ಇವರಿಬ್ಬರ ಬಾಗಿಲಿಗೂ ಅದೇ ಮಧ್ಯಸ್ಥ ಬರುತ್ತಾನೆ. ಬೆಳೆ ಬಾರದ ಗದ್ದೆಗೆ ಇಷ್ಟಾದರೂ ಸಿಕ್ಕಿತಲ್ಲ ಎಂದು ಅವರು ಮೊದಲಿನವನಿಗಿಂತ ಕಡಮೆ ಬೆಲೆಗೆ ಕೈಬಿಡುತ್ತಾರೆ. ಇದನ್ನು ಸ್ವ-ಇಚ್ಛೆಯ ಮಾರಾಟವೆಂದು ಕರೆಯುವುದು ಭಾಷೆಗೆ ಮಾಡುವ ಅಪಚಾರ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಮಳವಳ್ಳಿಯ ರೈತರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊನೆಯ ಗದ್ದೆಗೆ ನೀರು ತಲುಪುವುದು ಎಷ್ಟು ಕಷ್ಟವೆಂಬುದನ್ನು ಅವರು ತಲೆಮಾರುಗಳಿಂದ ಬಲ್ಲರು.

ಪೂರಿಗಾಲಿಯ ವಿಷಯದಲ್ಲಿ ಇದು ಇನ್ನೂ ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ. ಕಾವೇರಿಯ ನೀರನ್ನು ಎತ್ತಿ ಹನಿ ನೀರಾವರಿಯ ಮೂಲಕ ಆ ಭಾಗದ ಬೆದ್ದಲು ಭೂಮಿಗೆ ಒದಗಿಸುವ ಸರ್ಕಾರದ ಯೋಜನೆ ಈ ಊರಿನ ಹೆಸರನ್ನೇ ಹೊತ್ತಿದೆ. ನದಿ ಹತ್ತಿರದಲ್ಲಿಯೇ ಹರಿದರೂ ಮಳೆಯನ್ನೇ ನಂಬಿ ರಾಗಿ ಹುರುಳಿ ಬೆಳೆಯುವ ಹೊಲಗಳಿಗೆ ಪ್ರಜೆಗಳ ಹಣದಿಂದ ಕೊಳವೆಗಳನ್ನು ಹಾಕಿ ನೀರು ಕೊಡಬೇಕೆಂಬುದು ಬಹು ಶ್ಲಾಘ್ಯವಾದ ಉದ್ದೇಶ. ಆದರೆ ನೀರು ಬಂದಲ್ಲಿ ಬೆಲೆ ಬರುತ್ತದೆ. ಬೆಲೆ ಬಂದಲ್ಲಿ ಕೊಳ್ಳುವವನು ಬರುತ್ತಾನೆ. ರೈತನ ಹೊಲಕ್ಕೆಂದು ಹೂಳಿದ ಕೊಳವೆಯು ಕಡೆಗೆ ಯಾರೋ ಪಟ್ಟಣಿಗನ ವಿಶ್ರಾಂತಿಗೃಹದ ಹುಲ್ಲುಹಾಸಿಗೆ ನೀರೂಡುವಂತಾದರೆ, ಆ ಹಣವೆಲ್ಲ ಯಾರಿಗಾಗಿ ವ್ಯಯವಾಯಿತೆಂದು ಕೇಳುವ ಹಕ್ಕು ಪ್ರಜೆಗಳಿಗೆ ಇದ್ದೇ ಇದೆ. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಪ್ರಕರಣಗಳನ್ನು ತೆಗೆದುಹಾಕಿ, ಬೇಸಾಯಗಾರನಲ್ಲದವನೂ ಹೊಲವನ್ನು ಕೊಳ್ಳಬಹುದೆಂದು ಬಾಗಿಲು ತೆರೆದ ಮೇಲಂತೂ ಈ ಭಯ ಬರಿಯ ಕಲ್ಪನೆಯಲ್ಲ. 1974ರಲ್ಲಿ ಶ್ರೀ ದೇವರಾಜ ಅರಸರ ಕಾಲದಲ್ಲಿ ಉಳುವವನಿಗೆ ಒಡೆತನ ಕೊಟ್ಟ ಅದೇ ಕಾಯಿದೆಯು, ನಲವತ್ತಾರು ವರ್ಷಗಳ ತರುವಾಯ ಉಳದವನಿಗೂ ಒಡೆತನದ ಹಾದಿಯನ್ನು ಸುಗಮಮಾಡಿಕೊಟ್ಟಿತು.

ಪಹಣಿಯಲ್ಲಿ ಹೆಸರಿರುವವರ ಕಥೆ ಇಷ್ಟಾಯಿತು. ಹೆಸರಿಲ್ಲದವರ ಗತಿಯೇನು? ಪೂರಿಗಾಲಿಯ ಸೀಮೆಗೆ ಹೊಂದಿದ ಬಂಡೂರಿನ ಹೆಸರನ್ನು ಕರ್ನಾಟಕದಲ್ಲೆಲ್ಲ ಬಲ್ಲರು. ಗಿಡ್ಡ ಕಾಲಿನ, ದುಂಡು ಮೈಯ ಬಂಡೂರು ಕುರಿಯ ತವರು ಅದು. ಈ ಕುರಿ ಹುಲ್ಲುಗಾವಲಿನಲ್ಲಿ ಮೇಯಬೇಕು, ಕೊಯ್ಲಾದ ಹೊಲದ ಕೂಳೆಯಲ್ಲಿ ಮೇಯಬೇಕು. ಕುರಿ ಕಾಯುವವನಿಗೆ ಬಹು ಕಡೆಗಳಲ್ಲಿ ಸ್ವಂತ ಹೊಲವಿಲ್ಲ. ಊರಿನ ಗೋಮಾಳವೇ ಅವನ ಹೊಲ. ನೂರು ರಾಸುಗಳಿಗೆ ಮೂವತ್ತು ಎಕರೆಯಂತೆ ಗೋಮಾಳವನ್ನು ಕಾದಿರಿಸಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ಎಷ್ಟು ಊರುಗಳಲ್ಲಿ ಇದು ಕಾಗದದ ಹೊರಗೆ ಉಳಿದಿದೆಯೆಂಬುದನ್ನು ವಾಚಕರು ತಮ್ಮ ತಮ್ಮ ಊರುಗಳನ್ನು ನೆನೆದುಕೊಂಡು ಹೇಳಬಹುದು. ಬಡಾವಣೆಗೆ ಪಕ್ಕದ ಹೊಲವನ್ನು ಕೊಂಡವನು ದಾರಿಗೆಂದು ಗೋಮಾಳವನ್ನು ಒಂದಿಷ್ಟು ಒತ್ತುತ್ತಾನೆ, ಗುಂಡುತೋಪನ್ನು ಒಂದಿಷ್ಟು ಸವರುತ್ತಾನೆ, ಕೆರೆಗೆ ನೀರು ತರುವ ಖರಾಬು ಹಳ್ಳವನ್ನು ಒಂದಿಷ್ಟು ಮುಚ್ಚುತ್ತಾನೆ. ಇವುಗಳಿಗೆ ಒಡೆಯನೆಂದು ಬಂದು ಕೇಳುವವರಿಲ್ಲ. ಪರಿಹಾರದ ಪಟ್ಟಿಯಲ್ಲಿ ಕುರಿಗಾಹಿಯ ಹೆಸರಿಲ್ಲ, ಕೂಲಿಯವಳ ಹೆಸರಿಲ್ಲ, ವಾರಕ್ಕೆ ಮಾಡುವವನ ಹೆಸರಿಲ್ಲ. ಗ್ರಾಮದ ಸಾಮೂಹಿಕ ಭೂಮಿಗಳನ್ನು ಒತ್ತುವರಿಯಿಂದ ಬಿಡಿಸಿ ಊರವರಿಗೆ ಮರಳಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ, ಪಂಜಾಬಿನ ಒಂದು ಊರಿನ ಕೆರೆಯ ಮೊಕದ್ದಮೆಯಲ್ಲಿ, ಎಲ್ಲ ರಾಜ್ಯಗಳಿಗೂ ಆಜ್ಞೆ ಮಾಡಿತು. ಆಜ್ಞೆ ಬಂದಿತು; ಬೇಲಿ ಕದಲಲಿಲ್ಲ.

ಕಾನೂನು ರೈತನ ಪರವಾಗಿ ಇಲ್ಲವೆ ಎಂದು ಕೇಳಬಹುದು. ಇದೆ, ಆದರೆ ಅದಕ್ಕೆ ಹಿತ್ತಲ ಬಾಗಿಲೂ ಇದೆ. 1894ರ ಪರಂಗಿಯವರ ಕಾಯಿದೆಯನ್ನು ತೆಗೆದು 2013ರಲ್ಲಿ ಪಾರ್ಲಿಮೆಂಟಿನವರು ಮಾಡಿದ ಹೊಸ ಭೂಸ್ವಾಧೀನ ಕಾಯಿದೆಯಲ್ಲಿ, ಎರಡು ಮೂರು ಬೆಳೆ ಬೆಳೆಯುವ ನೀರಾವರಿ ಭೂಮಿಯನ್ನು ಬೇರೆ ಗತಿಯೇ ಇಲ್ಲದಾಗ ಮಾತ್ರ ಮುಟ್ಟಬೇಕೆಂದೂ, ಖಾಸಗಿ ಕಂಪೆನಿಗಳಿಗಾಗಿ ಸ್ವಾಧೀನಪಡಿಸುವಾಗ ನೂರಕ್ಕೆ ಎಂಬತ್ತು ಮಂದಿಯ ಒಪ್ಪಿಗೆ ಬೇಕೆಂದೂ, ಊರಿನ ಮೇಲೆ ಆಗುವ ಪರಿಣಾಮವನ್ನು ಮುಂಚಿತವಾಗಿ ವಿಚಾರಿಸಬೇಕೆಂದೂ ವಿಧಿಸಿದೆ. ಎಲ್ಲವೂ ಸೊಗಸಾಗಿಯೇ ಇದೆ. ಆದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದವರು ತಮ್ಮ 1976ರ ಕಾಯಿದೆಯಂತೆ ಮಾಡುವ ಸ್ವಾಧೀನಕ್ಕೆ ಈ ನಿಬಂಧನೆಗಳು ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿತು. ಬಿಡದಿಯ ಅಧಿಸೂಚನೆ ಹೊರಟದ್ದೂ ಅದರ ಸೋದರನಂತಿರುವ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯಿದೆಯ ಮೇರೆಗೆ. ಹಳ್ಳಿಯನ್ನು ನಗರವೆಂದು ಮೊದಲು ನಕ್ಷೆಯಲ್ಲಿ ಬರೆದು, ಆಮೇಲೆ ನಗರದ ಕಾನೂನನ್ನು ಅದರ ಮೇಲೆ ಹೂಡುವ ಈ ಚಾತುರ್ಯವನ್ನು ರೈತರು ಅರಿತುಕೊಳ್ಳಬೇಕು. ಹೋರಾಟ ಅಧಿಸೂಚನೆಯ ದಿನ ಪ್ರಾರಂಭವಾದರೆ ಆಗಲೇ ತಡವಾಯಿತು. ನಕ್ಷೆ ಬರೆಯುವ ದಿನವೇ ಎಚ್ಚರವಿರಬೇಕು.

ಮನೆಗಳು ಬೇಡವೆ, ಜನ ಎಲ್ಲಿ ಇರಬೇಕು ಎಂಬ ಪ್ರಶ್ನೆಯನ್ನು ಎದುರು ಪಕ್ಷದವರು ಯಾವಾಗಲೂ ಎತ್ತುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ಅವರ ಕಡತಗಳಿಂದಲೇ ಕೊಡುವುದು ಲೇಸು. ಅರ್ಕಾವತಿ ಬಡಾವಣೆಗೆ 2003ರಲ್ಲಿ ಹದಿನಾರು ಹಳ್ಳಿಗಳ ಭೂಮಿಯನ್ನು ಸೂಚಿಸಿದರು. ಅದರ ಅವ್ಯವಹಾರಗಳನ್ನು ವಿಚಾರಿಸಲು 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣನವರ ಆಯೋಗವನ್ನೇ ನೇಮಿಸಬೇಕಾಯಿತು. ಶಿವರಾಮ ಕಾರಂತ ಬಡಾವಣೆಗೆ 2008ರಲ್ಲಿ ಹದಿನೇಳು ಹಳ್ಳಿಗಳ ಮೂರೂವರೆ ಸಾವಿರ ಎಕರೆಯನ್ನು ಸೂಚಿಸಿದರು. ಹತ್ತು ವರ್ಷ ಕಳೆದ ಮೇಲೆ, 2018ರಲ್ಲಿ, ಮುಂದುವರಿಸಿರೆಂದು ಸುಪ್ರೀಂ ಕೋರ್ಟಿನ ಆಜ್ಞೆಯಾಯಿತು. ಆ ಹತ್ತು ವರ್ಷ ಭೂಮಿ ಇತ್ತ ಹೊಲವೂ ಅಲ್ಲ, ಅತ್ತ ಮನೆಯೂ ಅಲ್ಲ. ನಮ್ಮ ಮಂಡ್ಯದ ಸೀಮೆಯನ್ನೇ ಹಾದುಹೋಗಬೇಕಾಗಿದ್ದ ನೈಸ್ ರಸ್ತೆಯ ಕಥೆ ಇನ್ನೂ ದೊಡ್ಡದು. 1997ರ ಒಪ್ಪಂದದಲ್ಲಿ ಅದಕ್ಕೆ 20,193 ಎಕರೆ, ರಸ್ತೆಯೊಡನೆ ಐದು ಉಪನಗರಗಳು! ಕಾಲು ಶತಮಾನ ಕಳೆದರೂ ರಸ್ತೆ ಮೈಸೂರನ್ನು ತಲುಪಲಿಲ್ಲ. ಅದು ತಲುಪುವುದಕ್ಕೆ ಮುಂಚೆಯೇ ಸರ್ಕಾರದ ಬೇರೊಂದು ಹೆದ್ದಾರಿ 2023ರಲ್ಲಿ ಮುಗಿಯಿತು. ನೆರೆಯ ಆಂಧ್ರದಲ್ಲಿ ಅಮರಾವತಿಗಾಗಿ 2015ರಲ್ಲಿ ಇಪ್ಪತ್ತೊಂಬತ್ತು ಊರುಗಳ ರೈತರು ಮೂವತ್ತು ಸಾವಿರ ಎಕರೆಗೂ ಮೇಲ್ಪಟ್ಟು ಭೂಮಿಯನ್ನು ನಂಬಿಕೆಯಿಂದ ಒಪ್ಪಿಸಿದರು. 2019ರಲ್ಲಿ ಸರ್ಕಾರ ಬದಲಾಯಿತು, ಕೆಲಸ ನಿಂತಿತು. ಕೃಷ್ಣಾ ತೀರದ ಆ ಫಲವತ್ತಾದ ನೆಲದಲ್ಲಿ ವರ್ಷಗಟ್ಟಲೆ ಜಾಲಿ ಬೆಳೆಯಿತು. ಒಮ್ಮೆ ಸೂಚಿಸಿದ ಭೂಮಿಯಲ್ಲಿ ಮನೆಯೇಳಲು ಎಷ್ಟು ಕಾಲ ಹಿಡಿಯುವುದೆಂಬುದನ್ನು ಬಲ್ಲವರು, ಹೊಸ ಭೂಮಿಯನ್ನು ಕೇಳುವುದಕ್ಕೆ ಮೊದಲು, ಸೂಚಿಸಿ ಹಾಳುಬಿಟ್ಟಿರುವುದರ ಲೆಕ್ಕವನ್ನು ಪ್ರಜೆಗಳ ಮುಂದಿಡಲಿ. ಇಂಗ್ಲೆಂಡಿನವರು ಯುದ್ಧದಲ್ಲಿ ನಗರಗಳೆಲ್ಲ ಬಾಂಬಿಗೆ ಸಿಕ್ಕಿ ಮನೆಗಳಿಗೆ ಹಾಹಾಕಾರವಿದ್ದ 1947ರಲ್ಲಿಯೇ, ಅನುಮತಿಯಿಲ್ಲದೆ ಯಾರೂ ಹೊಲವನ್ನು ಊರಾಗಿ ಮಾಡಕೂಡದೆಂದು ಕಾಯಿದೆ ಮಾಡಿಕೊಂಡರು. ಅವರಿಗೆ ಇದ್ದ ಮನೆಯ ಕೊರತೆ ನಮಗಿಂತ ಕಡಮೆಯಾಗಿರಲಿಲ್ಲ.

ಹಳ್ಳಿಯ ಬಡವನಿಗೆ ಮನೆ ಬೇಕೆಂಬುದು ಬೇರೆಯೇ ವಿಷಯ, ಅದನ್ನು ಇದರೊಡನೆ ಬೆರೆಸಕೂಡದು. ಗ್ರಾಮಠಾಣದಲ್ಲಿ ಸ್ಥಳವಿಲ್ಲದೆ ಒಂದೇ ಸೂರಿನ ಕೆಳಗೆ ಮೂರು ಸಂಸಾರ ನಡೆಸುವವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಹರಿಜನ ಕೇರಿಗಳಲ್ಲಿ ಹೆಚ್ಚಾಗಿ ಇದ್ದಾರೆ. ಅವರಿಗೆ ಊರಿಗೆ ಅಂಟಿಕೊಂಡ ಬೆದ್ದಲಿನಲ್ಲಿ ನಾಲ್ಕೈದು ಎಕರೆ ಕೊಂಡು ನಿವೇಶನ ಹಂಚುವುದಾದರೆ ಆ ಕೆಲಸಕ್ಕೆ ನಾವು ಎಲ್ಲರಿಗಿಂತ ಮೊದಲು ಕೈಯೆತ್ತುವೆವು. ಆದರೆ ಊರ ಹೊರಗೆ ಕಮಾನು ಕಟ್ಟಿದ ಬಡಾವಣೆಯಲ್ಲಿ ಆ ಕೇರಿಯವನಿಗೆ ಒಂದು ನಿವೇಶನ ಸಿಕ್ಕಿದ ಉದಾಹರಣೆಯನ್ನು ಯಾರಾದರೂ ತೋರಿಸಬಲ್ಲರೆ? ಅವನಿಗೆ ಅಲ್ಲಿ ಸಿಕ್ಕಬಹುದಾದುದು ಗೇಟು ಕಾಯುವ ಕೆಲಸ.

ಬೇಡವೆಂದರೆ ಏನು ಫಲ, ಸರ್ಕಾರ ಕೇಳುವುದೆ ಎಂದು ನಿರಾಶರಾದವರು ದೇವನಹಳ್ಳಿಯ ಕಡೆಗೆ ನೋಡಬೇಕು. ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ತೆಗೆದುಕೊಳ್ಳಹೊರಟಾಗ, 2022ರ ಏಪ್ರಿಲಿನಿಂದ ಅಲ್ಲಿನ ರೈತರು, ಹೆಂಗಸರು, ಮುದುಕರು ಕುಳಿತ ಜಾಗದಿಂದ ಏಳಲಿಲ್ಲ. ಮೂರು ವರ್ಷಕ್ಕೆ ಮೇಲ್ಪಟ್ಟು ನಡೆದ ಆ ಧರಣಿಯಲ್ಲಿ ಒಡೆದವರು ಕೆಲವರು, ಹಣಕ್ಕೆ ಸೋತವರು ಕೆಲವರು. ಉಳಿದವರು ಉಳಿದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಸಾರಿದರು. ಮಂಡ್ಯದವರಿಗಾದರೂ ಈ ದಾರಿ ಹೊಸದಲ್ಲ. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧಾಜ್ಞೆಯನ್ನು ಮೀರಿ ಧ್ವಜವೇರಿಸಿದವರು ಬಹುಮಟ್ಟಿಗೆ ಇದೇ ಸುತ್ತಿನ ಒಕ್ಕಲು ಮಕ್ಕಳು. ಅದಕ್ಕೂ ಮುಂಚೆ ಇರ್ವಿನ್ ನಾಲೆಯ ಕರಭಾರದ ವಿಷಯದಲ್ಲಿ ಚಳವಳಿ ಹೂಡಿದವರೂ ಇವರ ಹಿರಿಯರೇ.

ಸರ್ಕಾರದವರಲ್ಲಿ ನಮ್ಮ ಬೇಡಿಕೆ ಇಷ್ಟು. ಭೈರಮಂಗಲದ ಸುತ್ತಿನ ಒಂಬತ್ತು ಹಳ್ಳಿಗಳ ಅಧಿಸೂಚನೆಯನ್ನು ದೇವನಹಳ್ಳಿಯ ಮಾದರಿಯಲ್ಲಿಯೇ ಕೈಬಿಡಬೇಕು. ಕೊಡುತ್ತೇವೆನ್ನುವ ರೈತರ ಭೂಮಿಯನ್ನು ತೆಗೆದುಕೊಳ್ಳುವುದಾದರೂ ಒಲ್ಲದವರ ನಾಲೆ, ದಾರಿ, ಕೆರೆಗಳನ್ನು ಕೆಡಿಸದಂತೆ ಮೊದಲು ನಕ್ಷೆ ಬರೆದು ತೋರಿಸಬೇಕು. ಕಾವೇರಿಯ ಅಚ್ಚುಕಟ್ಟಿನಲ್ಲಿಯೂ, ಪೂರಿಗಾಲಿಯಂಥ ಹೊಸ ನೀರಾವರಿ ಯೋಜನೆಗಳ ವ್ಯಾಪ್ತಿಯಲ್ಲಿಯೂ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದ ಮೇರೆಗೆ ಬೇಸಾಯೇತರ ಕೆಲಸಕ್ಕೆ ಅನುಮತಿ ಕೊಡುವುದನ್ನು ಜಿಲ್ಲಾಧಿಕಾರಿಗಳು ನಿಲ್ಲಿಸಬೇಕು. ಭತ್ತಕ್ಕೂ ಕಬ್ಬಿಗೂ ರೇಷ್ಮೆಗೂ ರೈತನು ನೆಲವನ್ನು ಮಾರದೆ ಬದುಕಬಹುದಾದ ಬೆಲೆ ದೊರೆಯುವವರೆಗೆ ಈ ಯಾವ ಆಜ್ಞೆಯೂ ಪೂರ್ಣವಾಗಿ ಫಲಿಸದೆಂಬುದನ್ನೂ ಅವರು ಮರೆಯಬಾರದು.

ಊರವರಿಗೆ ಹೇಳಬೇಕಾದುದು ಇನ್ನೊಂದಿದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು 1993ರ ಪಂಚಾಯತ್ ಕಾಯಿದೆಯಲ್ಲಿದೆ. ಮುಂದಿನ ಸಭೆಗೆ ಪೂರಿಗಾಲಿಯವರೂ ಸುತ್ತಿನ ಊರುಗಳವರೂ ಗ್ರಾಮನಕ್ಷೆಯನ್ನು ತರಿಸಿಕೊಳ್ಳಲಿ. ಗೋಮಾಳ ಎಷ್ಟು, ಗುಂಡುತೋಪು ಎಲ್ಲಿ, ಕೆರೆಗೆ ಬರುವ ಹಳ್ಳ ಯಾವ ಸರ್ವೆ ನಂಬರಿನಲ್ಲಿ ಹಾದುಬರುತ್ತದೆ ಎಂಬುದನ್ನು ಕುರಿಗಾಹಿಗಳನ್ನೂ ನೀರುಗಂಟಿಗಳನ್ನೂ ಕೂರಿಸಿಕೊಂಡು ಗುರುತಿಸಿ, ಅಳತೆಗೆ ಅರ್ಜಿ ಕೊಟ್ಟು, ಸಭೆಯ ನಡವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲನ್ನು ಮಳವಳ್ಳಿಯ ತಹಸೀಲ್ದಾರರಿಗೆ ಕೊಟ್ಟು ರಶೀದಿ ಪಡೆಯಲಿ. ಬಿಳಿಯ ಕಲ್ಲುಗಳನ್ನು ಹೊತ್ತ ಲಾರಿ ಊರ ದಾರಿಗೆ ಬರುವುದಕ್ಕೆ ಮುಂಚೆ ಈ ರಶೀದಿ ಊರವರ ಕೈಯಲ್ಲಿರಬೇಕು.